ಫೋನಿನಲ್ಲಿ ದೃಶ್ಯ ಹಿಡಿದು ನಂದಗಡಕ್ಕೆ ಬರುವವರಿಗೆ

ಬೆಳಗಾವಿ, ಖಾನಾಪುರ, ಬೈಲಹೊಂಗಲ, ಕಿತ್ತೂರು ಭಾಗದ ಅನಿಮೆ ಮತ್ತು ಸಿನಿಮಾ ಪ್ರೇಮಿ ಗೆಳೆಯ ಗೆಳತಿಯರೇ,

ಜಪಾನಿನ ಕಾಮಾಕುರಾದಲ್ಲಿ ಸಮುದ್ರದ ದಂಡೆಗೆ ಹತ್ತಿಕೊಂಡಂತೆ ಒಂದು ರೈಲ್ವೆ ಗೇಟು ಇದೆ. ಎನೊಡೆನ್ ಎಂಬ ಪುಟ್ಟ ರೈಲು ಆ ದಾರಿಯಲ್ಲಿ ಓಡಾಡುತ್ತದೆ. ರೈಲು ಸರಿದ ಮೇಲೆ ಗೇಟಿನ ಆಚೆ ನೀಲಿ ಕಡಲು ಕಾಣುತ್ತದೆ, ಅಷ್ಟೇ. 1993ರಲ್ಲಿ ಶುರುವಾದ ‘ಸ್ಲ್ಯಾಮ್ ಡಂಕ್’ ಅನಿಮೆ ಧಾರಾವಾಹಿಯ ಆರಂಭದ ಹಾಡಿನಲ್ಲಿ ಆ ಗೇಟು ಬಂದು ಹೋಯಿತು. ಮೂವತ್ತು ವರ್ಷ ದಾಟಿದರೂ ಅಲ್ಲಿಗೆ ಜನ ಬರುವುದು ನಿಂತಿಲ್ಲ. ಬಂದವರು ಫೋನಿನಲ್ಲಿ ಆ ದೃಶ್ಯ ತೆರೆದು, ಒಂದು ಹೆಜ್ಜೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿದು, ಚಿತ್ರದ ಕಂಬ ಮತ್ತು ನಿಜವಾದ ಕಂಬ ಒಂದಕ್ಕೊಂದು ಕೂಡುವವರೆಗೆ ಕಾಯುತ್ತಾರೆ.

ಈ ಸುಖ ನಿಮಗೆ ಗೊತ್ತು. ‘ಯುವರ್ ನೇಮ್’ ಚಿತ್ರದ ಕೊನೆಯಲ್ಲಿ ಇಬ್ಬರು ಎದುರಾಗುವ ಮೆಟ್ಟಿಲು ಟೋಕಿಯೊದ ಸುಗಾ ದೇಗುಲದ ಪಕ್ಕದ ಮೆಟ್ಟಿಲೆಂದು ನಿಮ್ಮಲ್ಲಿ ಹಲವರು ನಕಾಶೆ ನೋಡದೆಯೇ ಹೇಳಬಲ್ಲಿರಿ. ಎಂದಾದರೊಮ್ಮೆ ಅಲ್ಲಿ ನಿಲ್ಲಬೇಕೆಂಬುದು ಒಳ್ಳೆಯ ಆಸೆ, ಅದು ಈಡೇರಲಿ. ಅದಕ್ಕೂ ಮೊದಲು, ಬೆಳಗಾವಿಯಿಂದ ಒಂದು ಬೆಳಗಿನಲ್ಲಿ ತಲುಪಬಹುದಾದ ನಂದಗಡಕ್ಕೆ ನಿಮ್ಮನ್ನು ಕರೆಯಲು ಈ ಪತ್ರ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ. ಅಲ್ಲಿಂದ ನಂದಗಡ ಹತ್ತು ಹನ್ನೆರಡು ಕಿ.ಮೀ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ, ಅವನು ಮಣ್ಣಾದ ಊರು ಅದು.

ಈ ಕರೆಯ ಹಿಂದೆ ಒಂದು ಕಾರಣವಿದೆ. ನಂದಗಡಕ್ಕೆ ಬರುವ ಹರೆಯದವರ ಪೈಕಿ ಬಹಳ ಜನರಿಗೆ ರಾಯಣ್ಣನ ಮುಖವೆಂದರೆ ದರ್ಶನ್ ಮುಖ. ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ತೆರೆಗೆ ಬಂದದ್ದು 2012ರ ನವೆಂಬರ್ 1, ರಾಜ್ಯೋತ್ಸವದ ದಿನ. ನಿರ್ಮಾಪಕ ಆನಂದ ಅಪ್ಪುಗೋಳ, ಕಿತ್ತೂರಿನ ರಾಣಿ ಚೆನ್ನಮ್ಮನ ಪಾತ್ರದಲ್ಲಿ ಜಯಪ್ರದಾ. ರಾಯಣ್ಣನ ಪಾತ್ರಕ್ಕೆ ದರ್ಶನ್‌ಗೆ ರಾಜ್ಯ ಪ್ರಶಸ್ತಿ ಬಂತು. ಅದಕ್ಕೂ ಅರ್ಧ ಶತಮಾನ ಹಿಂದೆ, 1961ರಲ್ಲಿ, ಬಿ.ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ಮಾಡಿದ್ದರು. ಅಜ್ಜಿಯರಿಗೆ ಚೆನ್ನಮ್ಮನೆಂದರೆ ಬಿ. ಸರೋಜಾದೇವಿ. ಹೀಗೆ ತೆರೆಯ ಮುಖ ಹೊತ್ತುಕೊಂಡು ನೆಲ ನೋಡಲು ಬರುವುದರಲ್ಲಿ ತಪ್ಪಿಲ್ಲ. ಸಿನಿಮಾ ನೋಡಿದ್ದರಿಂದಲೇ ನಂದಗಡದ ಹೆಸರು ಕೇಳಿದ ಹುಡುಗರು ರಾಜ್ಯದ ತುಂಬ ಇದ್ದಾರೆ. ಅದು ಸಿನಿಮಾದ ದೊಡ್ಡ ಉಪಕಾರ.

ಆದರೆ ಕಾಮಾಕುರಾದಲ್ಲಿ ಮಾಡಿದ್ದನ್ನು ನಂದಗಡದಲ್ಲಿ ಮಾಡಲಾಗದು. ಇಲ್ಲಿ ದೃಶ್ಯ ಕೂಡುವುದಿಲ್ಲ. ಕೂಡದಿರುವುದಕ್ಕೆ ಕಾರಣ ಕ್ಯಾಮರಾ ಅಲ್ಲ, ಕಾಲ.

ಸಮಾಧಿಯ ಬಳಿ ಇರುವ ಆಲದ ಮರವನ್ನೇ ನೋಡಿ. ರಾಯಣ್ಣನನ್ನು ಮಣ್ಣು ಮಾಡಿದ ಮೇಲೆ ಅವನ ಸಂಗಡಿಗ ಬಿಚ್ಚುಗತ್ತಿ ಚೆನ್ನಬಸಪ್ಪ ಆ ಜಾಗದಲ್ಲಿ ಸಸಿ ನೆಟ್ಟನೆಂದು ಜನ ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಹಿಡಿದರೆ, ಈ ಮರ ರಾಯಣ್ಣ ಬದುಕಿದ್ದಾಗ ಇರಲೇ ಇಲ್ಲ. ರಾಯಣ್ಣನ ಬದುಕಿನ ಮೇಲೆ ಯಾರು ಎಷ್ಟೇ ಶ್ರದ್ಧೆಯಿಂದ ಚಿತ್ರ ತೆಗೆದರೂ ಈ ಮರ ಅವರ ಕಥೆ ಮುಗಿದ ಮೇಲೆ ಹುಟ್ಟುವ ಮರ. ನಂದಗಡಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಯಾವುದರ ಕಡೆಗೋ, ಅದಕ್ಕೇ ಯಾವ ಸಿನಿಮಾದಲ್ಲೂ ಜೋಡಿ ಸಿಗದು. ಗಲ್ಲಿಗೇರಿಸಿದ ಜಾಗ ಬೇರೆ, ಊರ ಹೊರಗೆ. ಅಲ್ಲಿಯೂ ಜನ ತೋರಿಸುವುದು ಆಲದ ಮರವನ್ನೇ. ಎರಡೂ ಜಾಗ ಒಂದೇ ಎಂದುಕೊಂಡು ಒಂದನ್ನು ನೋಡಿ ತಿರುಗಿ ಹೋಗಬೇಡಿ. “ಅಜ್ಜಾರ, ಗಲ್ಲಿಗೇರಿಸಿದ ಜಾಗ ಯಾವ ಕಡೆ ಐತ್ರಿ? ಸಮಾಧಿ ಯಾವ ಕಡೆ?” ಎಂದು ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ.

ಸಮಾಧಿಯ ಮರಕ್ಕೆ ಪುಟ್ಟ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಮಕ್ಕಳಾಗಲೆಂದು, ಹುಟ್ಟುವ ಮಗು ರಾಯಣ್ಣನಂತಾಗಲೆಂದು ಹರಕೆ. ಗಲ್ಲಿಗೇರಿದ, ಊರು ಕಾಯುವ ಒಬ್ಬ ಶೇತ್ಸನದಿ ತೊಟ್ಟಿಲು ಕೊಡುವ ದೈವವಾಗಿ ಬೆಳೆದದ್ದು ಸಣ್ಣ ಸಂಗತಿಯಲ್ಲ. ಸರಕಾರ, ಸಿನಿಮಾ, ಪಠ್ಯಪುಸ್ತಕ ಅವನನ್ನು ಕ್ರಾಂತಿವೀರ ಎಂದು ಕರೆಯುವ ಎಷ್ಟೋ ಮೊದಲು ಈ ಸೀಮೆಯ ಹೆಣ್ಣುಮಕ್ಕಳು ಅವನನ್ನು ಮನೆಯವನನ್ನಾಗಿ ಮಾಡಿಕೊಂಡಿದ್ದರು. ಗೀಗೀ ಪದ ಹಾಡುವವರು ಅವನ ಕಥೆಯನ್ನು ಜಾತ್ರೆಯಿಂದ ಜಾತ್ರೆಗೆ ಹೊತ್ತರು. ಸಿನಿಮಾ ನಂದಗಡಕ್ಕೆ ಬಂದದ್ದು ಈ ಸಾಲಿನ ಕೊನೆಯಲ್ಲಿ.

ತೊಟ್ಟಿಲಿನ ಮಾತು ಬಂದಾಗ ಜಪಾನಿನ ಇನ್ನೊಂದು ಊರನ್ನು ನೆನೆಯಬೇಕು. ಟೋಕಿಯೊದ ಉತ್ತರಕ್ಕಿರುವ ಸೈತಾಮಾ ಪ್ರಾಂತ್ಯದಲ್ಲಿ ವಾಶಿನೊಮಿಯಾ ಎಂಬ ಹಳೆಯ ದೇಗುಲವಿದೆ. 2007ರಲ್ಲಿ ಬಂದ ‘ಲಕ್ಕಿ ಸ್ಟಾರ್’ ಅನಿಮೆಯಲ್ಲಿ ಇಬ್ಬರು ಅಕ್ಕತಂಗಿಯರ ಮನೆತನದ ದೇಗುಲವನ್ನು ಇದರ ಮಾದರಿಯಲ್ಲೇ ಬಿಡಿಸಿದ್ದರು. ಅನಿಮೆ ಬರುವ ಮೊದಲು, ಆ ವರ್ಷದ ಹೊಸವರ್ಷದ ದರ್ಶನಕ್ಕೆ ಬಂದವರು ಸುಮಾರು 1,30,000. ಮರುವರ್ಷ 3,00,000. ಅದರ ಮರುವರ್ಷ 4,00,000 ದಾಟಿತು. ಬಂದ ಹುಡುಗರು ಹರಕೆಯ ಮರದ ಹಲಗೆಗಳ ಮೇಲೆ ತಮ್ಮ ಪ್ರೀತಿಯ ಪಾತ್ರಗಳನ್ನು ಬಿಡಿಸಿ ತೂಗುಹಾಕಿದರು. ಊರಿನ ವ್ಯಾಪಾರಿಗಳು ಮೊದಲು ಬೆರಗಾದರು, ಆಮೇಲೆ ಮಾತಿಗಿಳಿದರು. 2008ರಿಂದ ಊರ ಹಬ್ಬದಲ್ಲಿ ‘ಲಕ್ಕಿ ಸ್ಟಾರ್’ ಹೆಸರಿನ ಪಲ್ಲಕ್ಕಿಯನ್ನೂ ಅಭಿಮಾನಿಗಳೇ ಹೊತ್ತರು. ಗಮನಿಸಬೇಕಾದದ್ದು ಇದು: ದೇಗುಲದ ಪೂಜೆ ನಿಲ್ಲಲಿಲ್ಲ, ಬಂದವರು ಅಲ್ಲಿನ ಹರಕೆಯ ಪದ್ಧತಿಯನ್ನೇ ಕಲಿತು ಅದರೊಳಗೆ ತಮ್ಮ ಜಾಗ ಮಾಡಿಕೊಂಡರು.

ಇಂಥ ಉದಾಹರಣೆಗಳು ಇನ್ನೂ ಇವೆ. ಶಿಗಾ ಪ್ರಾಂತ್ಯದ ತೊಯೊಸಾತೊದಲ್ಲಿ 1937ರ ಒಂದು ಶಾಲಾ ಕಟ್ಟಡ ಕೆಡವುವ ಹಂತಕ್ಕೆ ಹೋಗಿ, ಊರವರ ಹೋರಾಟದಿಂದ ಉಳಿದಿತ್ತು. 2009ರ ‘ಕೆ-ಆನ್!’ ಅನಿಮೆಯ ಶಾಲೆ ಅದರಂತೆಯೇ ಇದ್ದದ್ದರಿಂದ ಕೆಡವಲಿದ್ದ ಕಟ್ಟಡಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರತೊಡಗಿದರು. 2011ರ ಸುನಾಮಿಯ ಪೆಟ್ಟು ತಿಂದ ಒಆರಾಯಿ ಎಂಬ ಕರಾವಳಿ ಊರಿಗೆ ಮರುವರ್ಷ ‘ಗರ್ಲ್ಸ್ ಉಂಡ್ ಪಾನ್ಸರ್’ ಬಂತು. ಅಲ್ಲಿನ ಅಂಗಡಿಗಳವರು ತಮ್ಮ ತಮ್ಮ ಬಾಗಿಲಲ್ಲಿ ಒಂದೊಂದು ಪಾತ್ರದ ಹಲಗೆ ನಿಲ್ಲಿಸಿ ಬಂದವರನ್ನು ಬರಮಾಡಿಕೊಂಡರು. ‘ಯುವರ್ ನೇಮ್’ನಲ್ಲಿ ಬರುವ ಹಿದಾ ಊರಿನ ಗ್ರಂಥಾಲಯ, ಓದಲು ಬಂದವರ ಮುಖ ಬೀಳದ ಹಾಗೆ ಫೋಟೊ ತೆಗೆದುಕೊಳ್ಳಿ ಎಂದು ಅಭಿಮಾನಿಗಳಿಗೆ ಅನುಮತಿ ಕೊಟ್ಟಿತು. 2016ರಲ್ಲಿ ಅನಿಮೆ ಪ್ರವಾಸಕ್ಕೆಂದೇ ಒಂದು ಸಂಘ ಹುಟ್ಟಿ 88 ಸ್ಥಳಗಳನ್ನು ಆರಿಸುವ ಪದ್ಧತಿ ತಂದಿತು. ಶಿಕೊಕು ದ್ವೀಪದಲ್ಲಿ ಶತಮಾನಗಳಿಂದ ನಡೆದು ಬಂದ 88 ದೇಗುಲಗಳ ಯಾತ್ರೆಯಿಂದ ಆ ಸಂಖ್ಯೆಯನ್ನು ಎತ್ತಿಕೊಂಡರು.

ಎಲ್ಲವೂ ಸುಗಮವಾಗಿಲ್ಲ. ಕಾಮಾಕುರಾದ ಅದೇ ಗೇಟಿನ ಬಳಿ ಜನ ರಸ್ತೆಗಿಳಿದು ನಿಂತು ವಾಹನಗಳಿಗೆ ದಾರಿ ಸಿಗದಂತಾಗಿದೆ, ನಿಗಾ ಇಡಲು ಕಾವಲಿನವರು ನಿಲ್ಲಬೇಕಾಗಿದೆ. ಅಲ್ಲಿ ವಾಸವಾಗಿರುವವರಿಗೆ ಆ ಗೇಟು ಕೆಲಸಕ್ಕೆ, ಶಾಲೆಗೆ ಹೋಗುವ ದಾರಿ.

ನಮ್ಮ ಕಡೆಯೂ ಇದೆಲ್ಲ ನಡೆದಿದೆ. ಆರ್.ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿ ಊರಿಗೆ ಶಂಕರ್ ನಾಗ್ ತಮ್ಮ ಧಾರಾವಾಹಿಗಾಗಿ ಆಗುಂಬೆಯಲ್ಲಿ ಬೀದಿ, ಮನೆ ಹುಡುಕಿಕೊಂಡರು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಆ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. 2008ರ ‘ಗಾಳಿಪಟ’ ನೋಡಿದ ಜನ ಕೊಡಗಿನ ಮಾಂದಲಪಟ್ಟಿಯನ್ನು ಸಿನಿಮಾದ ಹೆಸರಿನಿಂದಲೇ ಮುಗಿಲುಪೇಟೆ ಎಂದು ಕರೆಯುತ್ತಾರೆ. ಜೀಪುಗಳ ಸಾಲು ಅಲ್ಲಿನ ಹುಲ್ಲುಗುಡ್ಡಗಳಿಗೆ ಭಾರವಾಗಿದೆ. 1975ರ ‘ಶೋಲೆ’ಯ ರಾಮಗಢ ಹುಡುಕಿಕೊಂಡು ರಾಮನಗರಕ್ಕೆ ಹೋದವರಿಗೆ ಹಳ್ಳಿ ಸಿಗದು, ಅದು ಸೆಟ್. ಬಂಡೆಗಳು ಸಿಗುತ್ತವೆ, ಆ ಬಂಡೆಗಳಲ್ಲಿ ಗೂಡು ಕಟ್ಟುವ ರಣಹದ್ದುಗಳಿಗಾಗಿ ಮೀಸಲಾದ ಧಾಮ ಸಿಗುತ್ತದೆ. ‘ಕಾಂತಾರ’ದ ವಿಷಯದಲ್ಲಂತೂ, ದೈವದ ವೇಷ ಅನುಕರಿಸಿ ಬೀದಿಯಲ್ಲಿ, ಚಿತ್ರಮಂದಿರದಲ್ಲಿ ಕುಣಿಯಬೇಡಿ ಎಂದು ಚಿತ್ರ ತಂಡವೇ ಜನರನ್ನು ಕೇಳಿಕೊಂಡಿತು.

ನಿಮಗೆ ತೀರ ಹತ್ತಿರದ ಪಾಠ ದೂಧಸಾಗರದ್ದು. ಖಾನಾಪುರ ದಾಟಿ, ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿಯುವ ರೈಲು ಹಾಲಿನಂತೆ ಸುರಿಯುವ ಜಲಪಾತದ ಎದುರಿನ ಸೇತುವೆಯ ಮೇಲೆ ಹಾಯುತ್ತದೆ. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ರೈಲು ಅಲ್ಲಿಯೇ ನಿಂತಿತು. ನಿಜವಾಗಿ ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಆ ಘಟ್ಟ ಇಳಿಯುವುದೇ ಇಲ್ಲ. ಆದರೂ ಆ ಒಂದು ದೃಶ್ಯಕ್ಕಾಗಿ ಮಳೆಗಾಲದ ರವಿವಾರಗಳಲ್ಲಿ ಹುಡುಗರು ಹಳಿ ಹಿಡಿದು ನಡೆಯತೊಡಗಿದರು. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. 2023ರ ಜುಲೈನಲ್ಲಿ ರೈಲ್ವೆ ಪೊಲೀಸರು ಹಾಗೆ ಬಂದವರನ್ನು ಹಳಿಯ ಪಕ್ಕದಲ್ಲೇ ಬಸ್ಕಿ ಹೊಡೆಸಿದ ವಿಡಿಯೊ ಊರೆಲ್ಲ ಓಡಾಡಿತು. ನೈಋತ್ಯ ರೈಲ್ವೆ, ಬೋಗಿಯಲ್ಲಿ ಕೂತು ಕಿಟಕಿಯಿಂದಲೇ ಜಲಪಾತ ನೋಡಿ ಎಂದು ಕೇಳಿಕೊಂಡಿತು. ಸುರಂಗ, ತಿರುವು, ಜಾರುವ ಕಲ್ಲು, ಸದ್ದನ್ನೆಲ್ಲ ನುಂಗುವ ನೀರಿನ ಮೊರೆತ ಇರುವ ಆ ಜಾಗದಲ್ಲಿ ಹಿಂದಿನಿಂದ ಬರುವ ಇಂಜಿನ್ ಕೇಳಿಸದು. ಆ ಕೋರಿಕೆ ಜೀವ ಉಳಿಸುವ ಮಾತು. ದಯವಿಟ್ಟು ಕೇಳಿ.

ಅನಿಮೆಯಲ್ಲಿ ನಮ್ಮ ನೆಲ ಬಂದಿಲ್ಲವೇ ಎಂದು ಕೇಳುವವರಿಗೆ ಒಂದು ಉತ್ತರವಿದೆ. ಯುಗೊ ಸಾಕೊ ಎಂಬ ಜಪಾನಿ ನಿರ್ದೇಶಕ ನಮ್ಮ ರಾಮ್ ಮೋಹನ್ ಅವರ ಜೊತೆಗೂಡಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 1993ರದ್ದು. 2025ರ ಜನವರಿಯಲ್ಲಿ ಅದು ಮತ್ತೆ ದೇಶದ ಚಿತ್ರಮಂದಿರಗಳಿಗೆ ಬಂತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಧ್ವನಿಯಲ್ಲಿ ಬಂದ ಆ ಚಿತ್ರಕ್ಕೆ ಕನ್ನಡದ ಧ್ವನಿ ಇಲ್ಲದಿದ್ದದ್ದು ಬೇಸರದ ಸಂಗತಿ. ಏಕೆಂದರೆ ಅದರ ಕಿಷ್ಕಿಂಧೆ ಜನರ ನಂಬಿಕೆಯಲ್ಲಿ ನಮ್ಮ ಆನೆಗುಂದಿ, ಹನುಮ ಹುಟ್ಟಿದ ಬೆಟ್ಟ ಅಂಜನಾದ್ರಿ. ಇದೇ ಬೆಳಗಾವಿ ಜಿಲ್ಲೆಯ ಸುರೇಬಾನದ ಬಳಿಯ ಶಬರಿಕೊಳ್ಳವನ್ನು ರಾಮ ಶಬರಿಯನ್ನು ಕಂಡ ಜಾಗವೆಂದು ಜನ ಪೂಜಿಸುತ್ತಾರೆ. ಸಿನಿಮಾ ಹುಟ್ಟುವ ಮೊದಲೇ ಕಥೆಯ ಜಾಗ ಹುಡುಕಿ ನಡೆಯುವ ಅಭ್ಯಾಸ ಈ ನೆಲದ್ದು. ನೀವು ಅದರ ಹೊಸ ತಲೆಮಾರು.

ಮತ್ತೆ ನಂದಗಡಕ್ಕೆ.

ಸುಗಾ ದೇಗುಲದ ಮೆಟ್ಟಿಲು ಪ್ರೇಮದ ಜಾಗ. ನಂದಗಡ ಸಾವಿನ ಜಾಗ. ಇಂಥ ಕಡೆ ಹೇಗೆ ನಿಲ್ಲಬೇಕು ಎನ್ನುವುದಕ್ಕೆ ನಿಮಗೆ ಗೊತ್ತಿರುವ ಚಿತ್ರವೇ ದಾರಿ ತೋರಿಸುತ್ತದೆ. ಮಕೊತೊ ಶಿಂಕಾಯ್ ಅವರ ‘ಸುಝುಮೆ’ 2023ರ ಏಪ್ರಿಲಿನಲ್ಲಿ ನಮ್ಮ ದೇಶದಲ್ಲಿ ತೆರೆ ಕಂಡಿತು. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನೆನಪು ಅದರ ಒಡಲಲ್ಲಿದೆ. ಪಾಳು ಬಿದ್ದ ಶಾಲೆ, ಮುಚ್ಚಿಹೋದ ಮನರಂಜನಾ ಉದ್ಯಾನದಂಥ ಕಡೆ ತೆರೆದುಕೊಂಡ ಬಾಗಿಲುಗಳನ್ನು ಚಿತ್ರದ ನಾಯಕಿ ಮುಚ್ಚಬೇಕು. ಸುಮ್ಮನೆ ತಳ್ಳಿದರೆ ಬಾಗಿಲು ಮುಚ್ಚದು. ಅಲ್ಲಿ ಒಂದು ಕಾಲದಲ್ಲಿ ಬದುಕಿದ್ದವರ ಮಾತು, ನಗು, ದಿನದ ವ್ಯವಹಾರ ಅವಳ ಕಿವಿಗೆ ಬೀಳಬೇಕು, ಆಗ ಮಾತ್ರ ಬೀಗದ ಕಿಂಡಿ ಕಾಣುತ್ತದೆ. ನಂದಗಡದಲ್ಲಿ ಮಾಡಬೇಕಾದ ಕೆಲಸವೂ ಅದೇ. ಫೋನಿನ ದೃಶ್ಯವನ್ನು ಜೇಬಿಗೆ ಹಾಕಿ, 1829–30ರ ಈ ಸೀಮೆಯ ದನಿ ಕೇಳಿಸಿಕೊಳ್ಳುವುದು.

ಆ ದನಿಗಳಲ್ಲಿ ಭೂಮಿಯ ಸಂಕಟ ಮುಖ್ಯ. ರಾಯಣ್ಣ ಕಿತ್ತೂರು ಸಂಸ್ಥಾನದ ಶೇತ್ಸನದಿ. ಊರು ಕಾಯುವ, ಕರೆ ಬಂದಾಗ ಕತ್ತಿ ಹಿಡಿಯುವ ಸೇವೆಗೆ ಸಂಬಳದ ಬದಲು ಹೊಲ ಉಂಬಳಿ ಇತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ. ವರ್ಷ ತುಂಬುವ ಮೊದಲೇ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು ಅಲ್ಲಿಯೇ 1829ರಲ್ಲಿ ತೀರಿಕೊಂಡರು. ಸಂಸ್ಥಾನ ಹೋದ ಮೇಲೆ ಉಂಬಳಿಯ ಹೊಲಗಳಿಗೆ ಕುತ್ತು ಬಂತು, ತೆರಿಗೆ ಏರಿತು. ಹೊಲ ಕಳೆದುಕೊಂಡವರು ರಾಯಣ್ಣನ ಸುತ್ತ ಕೂಡಿದರು. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಮತ್ತೆ ಗಾದಿಗೇರಿಸುವುದು ಅವರ ಗುರಿ. ಕಂಪನಿಯ ಕಚೇರಿಗಳಿಗೆ ಬೆಂಕಿ ಹಚ್ಚಿ ಸಾಲದ, ತೆರಿಗೆಯ ಕಾಗದ ಸುಟ್ಟರು, ಖಜಾನೆ ಹೊಡೆದರು. ಬೀಡಿ, ಸಂಪಗಾವಿ, ಖಾನಾಪುರ, ನಂದಗಡ ಆ ಓಡಾಟದ ಊರುಗಳು. ರಾಯಣ್ಣನ ಜೊತೆಗಿದ್ದ ಸಿದ್ದಿ ವೀರ ಗಜವೀರನ ಹೆಸರನ್ನು ಜನ ಮರೆತಿಲ್ಲ. ಸಿದ್ದಿ ಸಮುದಾಯ ಇಂದಿಗೂ ಖಾನಾಪುರ, ಹಳಿಯಾಳದ ಕಾಡಂಚಿನ ಊರುಗಳಲ್ಲಿ ಬಾಳುತ್ತಿದೆ. ಎದುರೆದುರು ನಿಂತು ಗೆಲ್ಲಲಾಗದ ಸೈನ್ಯವನ್ನು ಈ ಕಾಡು, ಈ ಹಳ್ಳಕೊಳ್ಳ ತಿಂಗಳುಗಟ್ಟಲೆ ಅಲೆದಾಡಿಸಿದವು. ಕೊನೆಗೆ ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ, ಕತ್ತಿ ದೂರವಿದ್ದ ಗಳಿಗೆಯಲ್ಲಿ, ಮೋಸದಿಂದ ಹಿಡಿದುಕೊಟ್ಟರೆಂದು ಜನಪದ ಹೇಳುತ್ತದೆ. ಅದು 1830ರ ಏಪ್ರಿಲ್.

ಇದನ್ನು ನೆಲದ ಮೇಲೆ ಓದಬಹುದು. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಪಕ್ಕದಲ್ಲಿ ಹರಿದು, ಮುಂದೆ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯನ್ನು ಮುಟ್ಟುತ್ತಾಳೆ. ರಾಯಣ್ಣ ಹುಟ್ಟಿದ ಊರು ಬಯಲು ಸೀಮೆಯ ಅಂಚು, ಸತ್ತ ಊರು ಮಲೆನಾಡಿನ ಅಂಚು. ಸಂಗೊಳ್ಳಿಯ ಕರಿ ಮಣ್ಣಿನಿಂದ ನಂದಗಡದ ಕೆಂಪು ಮಣ್ಣು, ಭತ್ತದ ಗದ್ದೆಗಳ ಕಡೆಗೆ ಬರುವಾಗ ಬಸ್ಸಿನ ಕಿಟಕಿಯಲ್ಲೇ ಸೀಮೆ ಬದಲಾಗುವುದು ಕಾಣುತ್ತದೆ. ಜೋಳ ಹಿಂದೆ ಸರಿದು ಭತ್ತ ಬರುತ್ತದೆ, ಬಯಲು ಮುಗಿದು ಕಾಡು ಶುರುವಾಗುತ್ತದೆ. ಗೆರಿಲ್ಲಾ ಯುದ್ಧಕ್ಕೆ ಅವನು ಈ ಕಡೆಗೇ ಏಕೆ ಬಂದ ಎಂಬ ಪ್ರಶ್ನೆಗೆ ಉತ್ತರ ಆ ಕಿಟಕಿಯಲ್ಲಿದೆ. ಯಾವ ಸಿನಿಮಾವೂ ಇದನ್ನು ಎರಡೂವರೆ ಗಂಟೆಯಲ್ಲಿ ತೋರಿಸಲಾರದು.

ಹಾಗಾದರೆ ಏನು ಹೊತ್ತು ಬರಬೇಕು? ಒಂದು ದಪ್ಪ ನೋಟ್‌ಬುಕ್ಕು, ಪೆನ್ಸಿಲ್ಲು. ಅನಿಮೆ ಪ್ರೀತಿಸುವ ನಿಮಗೆ ಒಂದು ವಿಷಯ ಗೊತ್ತು. ಆ ಚಿತ್ರಗಳ ಬೀದಿ, ನಿಲ್ದಾಣ, ಮೆಟ್ಟಿಲುಗಳು ನಿಜದಷ್ಟು ನಿಜವಾಗಿರುವುದು, ಹಿನ್ನೆಲೆ ಬಿಡಿಸುವ ಕಲಾವಿದರು ಮೊದಲು ಆ ಜಾಗಕ್ಕೆ ಹೋಗಿ ಕಂಬ, ತಂತಿ, ಗೋಡೆಯ ಬಿರುಕು, ಬೆಳಗಿನ ಬೆಳಕು, ಸಂಜೆಯ ಬೆಳಕು ಎಲ್ಲವನ್ನೂ ನೋಡಿ ನೂರಾರು ಫೋಟೊ ತೆಗೆದುಕೊಂಡು ಬರುವುದರಿಂದ. ಅಭಿಮಾನಿ ಕೊನೆಗೆ ಹೋಗಿ ನಿಲ್ಲುವ ಜಾಗದಲ್ಲಿ ಕಲಾವಿದ ಮೊದಲೇ ನಿಂತಿರುತ್ತಾನೆ. ನಂದಗಡಕ್ಕೆ ಅಂಥ ಕಲಾವಿದ ಇನ್ನೂ ಬರಬೇಕಾಗಿದೆ. ಇಲ್ಲಿ ಹೊಂದಿಸಿ ನೋಡಲು ದೃಶ್ಯ ಇಲ್ಲವಾದ್ದರಿಂದ ದೃಶ್ಯ ಬಿಡಿಸುವ ಕೆಲಸ ನಿಮ್ಮದಾಗಬಹುದು. ಈ ಪತ್ರದ ಮುಖ್ಯ ಕೋರಿಕೆ ಇದೇ: ಅಭಿಮಾನಿಗಳಾಗಿ ಹೊರಡಿ, ಹಿನ್ನೆಲೆ ಚಿತ್ರಕಾರರಾಗಿ ನಂದಗಡದಲ್ಲಿ ಇಳಿಯಿರಿ.

ಬಿಡಿಸುವಾಗ ಮೂರು ಬಗೆಯ ಸಂಗತಿಗಳನ್ನು ಕಲಸಬೇಡಿ. ದಾಖಲೆಯಲ್ಲಿ ಇರುವುದು, ಲಾವಣಿ ಗೀಗೀ ಪದಗಳಲ್ಲಿ ಇರುವುದು, ಸಿನಿಮಾ ಸೇರಿಸಿದ್ದು. 1884ರ ಬೆಳಗಾವಿ ಗ್ಯಾಜೆಟಿಯರ್ ರಾಯಣ್ಣನ ಬಂಡಾಯವನ್ನು ಆಳುವವರ ಕಣ್ಣಿನಿಂದ ಕೆಲವೇ ಸಾಲುಗಳಲ್ಲಿ ಮುಗಿಸುತ್ತದೆ. ಅದೇ ಬಂಡಾಯಕ್ಕೆ ಲಾವಣಿಕಾರ ರಾತ್ರಿಯೆಲ್ಲ ಕೊಡುತ್ತಾನೆ, ತಾಯಿಯ ಅಳು, ಗೆಳೆಯರ ಆಣೆ, ದ್ರೋಹಿಯ ಪಿಸುಮಾತು ಸೇರಿಸುತ್ತಾನೆ. ಸಿನಿಮಾ ಇವೆರಡರಿಂದಲೂ ಎತ್ತಿಕೊಂಡು ಹಾಡು, ಕುದುರೆ, ಅರಮನೆ ಕೂಡಿಸುತ್ತದೆ. ಅರಮನೆಯ ಮಾತೇ ತೆಗೆದುಕೊಳ್ಳಿ: ಕಿತ್ತೂರಿನ ಅರಮನೆ ಇಂದು ಬರೀ ಮುರುಕು ಗೋಡೆಗಳು. ತೆರೆಯಲ್ಲಿ ಹೊಳೆಯುವ ದರ್ಬಾರು ಎಲ್ಲಿಯದಾದರೂ ಕಿತ್ತೂರಿನದಲ್ಲ. ಆದರೆ ಆ ಮುರುಕು ಗೋಡೆಗಳಲ್ಲಿ ಸ್ನಾನದ ಮನೆ, ನೀರಿನ ಕೊಳವೆಯ ಗುರುತು, ಅಡುಗೆಯ ಮನೆ ಕಾಣುತ್ತವೆ. ದರ್ಬಾರಿಗಿಂತ ಅವು ಒಬ್ಬ ಚಿತ್ರಕಾರನಿಗೆ ಹೆಚ್ಚು ಹೇಳುತ್ತವೆ. ಇಂಥ ಮೂರೂ ಎಳೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ ಸಂಗೊಳ್ಳಿ, ಕಿತ್ತೂರು, ಬೈಲಹೊಂಗಲ, ಸಂಪಗಾವಿ, ಬೀಡಿ, ನಂದಗಡಗಳ ಒಂದು ನಕಾಶೆ ಮಾಡಿದರೆ, ಅದು ಈ ಜಿಲ್ಲೆಯ ಶಾಲೆಗಳ ಗೋಡೆಗೆ ಹೋಗಬೇಕಾದ ವಸ್ತು.

ಊರಿನಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು. ಸಮಾಧಿಯ ಕಟ್ಟೆ ಪೂಜೆಯ ಜಾಗ. ಚಪ್ಪಲಿ ಕೆಳಗೆ ಬಿಡಿ, ಕಟ್ಟೆ ಹತ್ತಿ ಕತ್ತಿ ಹಿಡಿದ ಭಂಗಿ ಕೊಡಬೇಡಿ. ಫೋಟೊಗೆ ಅಡ್ಡ ಬರುತ್ತದೆಂದು ತೊಟ್ಟಿಲು ಸರಿಸಬೇಡಿ. ಅದು ಒಬ್ಬ ಹೆಣ್ಣುಮಗಳ ಕಣ್ಣೀರಿನ ಗಂಟು. ಹರಕೆ ಕಟ್ಟಲು ಬಂದವರ ಮುಖಕ್ಕೆ ಕ್ಯಾಮರಾ ತಿರುಗಿಸಬೇಡಿ. ಹಿದಾ ಗ್ರಂಥಾಲಯದ ನಿಯಮ ಇಲ್ಲಿಗೂ ಸರಿ. ಗದ್ದೆಯ ಬದುವಿನ ಮೇಲೆ ಬೈಕ್ ಹತ್ತಿಸಬೇಡಿ. ಜನವರಿ 26ಕ್ಕೆ ದೂರದೂರದಿಂದ ತಂಡ ತಂಡವಾಗಿ ಜನ ಬರುತ್ತಾರೆ. ರಾಯಣ್ಣನ ಬಲಿದಾನದ ದಿನವೂ ಗಣರಾಜ್ಯೋತ್ಸವವೂ ಒಂದೇ ಆದದ್ದು, ಅವನ ಹುಟ್ಟಿದ ದಿನವೆಂದು ಆಚರಿಸುವ ಆಗಸ್ಟ್ 15 ಸ್ವಾತಂತ್ರ್ಯದ ದಿನವೇ ಆದದ್ದು ಈ ಭಾಗದ ಪ್ರತಿ ಮನೆಗೂ ಗೊತ್ತು. ಆ ಗದ್ದಲದ ಸಡಗರ ಒಮ್ಮೆ ನೋಡಬೇಕು ನಿಜ. ಆದರೆ ಪೆನ್ಸಿಲ್ ಹಿಡಿದು ಕೂರಲು ಬೇರೆ ದಿನ ಬನ್ನಿ.

ಭಾಷೆಯ ಮಾತನ್ನು ಬಿಡುವಂತಿಲ್ಲ. ಖಾನಾಪುರದ ಹಳ್ಳಿಗಳಲ್ಲಿ ಕನ್ನಡದ ಜೊತೆ ಮರಾಠಿ ಉಸಿರಾಡುತ್ತದೆ. ಖಾನಾಪುರ ರಸ್ತೆಯಲ್ಲೇ ಬರುವ ಪೀರನವಾಡಿಯಲ್ಲಿ 2020ರ ಆಗಸ್ಟಿನಲ್ಲಿ ರಾಯಣ್ಣನ ಪ್ರತಿಮೆಯ ವಿಷಯಕ್ಕೆ ಬಿಗುವು ಉಂಟಾಗಿತ್ತು. ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಎಂಬ ಒಪ್ಪಂದದಿಂದ ಅದು ತಣ್ಣಗಾಯಿತು. ಇಬ್ಬರು ವೀರರೂ ಒಂದೇ ಚೌಕಿನಲ್ಲಿ ಇರಬಲ್ಲರೆಂದು ಜನ ಒಪ್ಪಿದ್ದು ದೊಡ್ಡದು. ಹಾಗಾಗಿ ನಂದಗಡದ ಅಂಗಡಿಯ ಮುಂದೆ ಕೂತ ಹಿರಿಯರೊಬ್ಬರು ಮರಾಠಿಯಲ್ಲಿ ಉತ್ತರ ಕೊಟ್ಟರೆ “ನಮಸ್ಕಾರ ಕಾಕಾ” ಎಂದು ಮಾತು ಮುಂದುವರಿಸಿ. ಆ ಮರದ ಬಗ್ಗೆ ಅವರ ಮನೆಯಲ್ಲಿ ಕೇಳಿದ ಕಥೆ ನಿಮ್ಮ ನೋಟ್‌ಬುಕ್ಕಿಗೆ ಹೊಸದಾಗಿರಬಹುದು. ಚಹಾ ಅಲ್ಲಿಯೇ ಕುಡಿಯಿರಿ, ಊಟ ಅಲ್ಲಿಯೇ ಮಾಡಿ. ಒಆರಾಯಿಯ ಅಂಗಡಿಯವರು ಅಭಿಮಾನಿಗಳನ್ನು ಪ್ರೀತಿಸಿದ್ದು, ಬಂದವರು ಅಂಗಡಿಯೊಳಗೆ ಬಂದು ಹೆಸರು ಹಿಡಿದು ಮಾತಾಡಿಸುತ್ತಿದ್ದುದರಿಂದ.

ದಿನ ಉಳಿದರೆ ಹತ್ತಿರದ ಹಲಸಿಗೆ ಹೋಗಿ ಬನ್ನಿ. ಕದಂಬರ ಕಾಲದ ಭೂವರಾಹ ನರಸಿಂಹ ದೇಗುಲದಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ, ಒಂದರ ದೇವರು ಇನ್ನೊಂದರ ದೇವರನ್ನು ನೋಡುತ್ತಿರುವಂತೆ. ಅದರ ನಡುವಿನ ಮಂಟಪದಲ್ಲಿ ಕೂತು ಕಂಬಗಳ ನೆರಳು ಬಿಡಿಸುವುದೂ ಕೈಗೆ ಒಳ್ಳೆಯ ಅಭ್ಯಾಸ. ದೇಗಾಂವಿಯ ಕಮಲನಾರಾಯಣ ಗುಡಿ ಕಿತ್ತೂರಿನ ಹತ್ತಿರ. ಅದನ್ನು ಕೋಟೆ ನೋಡುವ ದಿನಕ್ಕೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಬರುವವರು ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ ತರಬೇಕು, ಖಾನಾಪುರದ ಮಳೆ ಯಾರ ಚಿತ್ರವನ್ನೂ ಬಿಡುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಬೆಳಕು ಚಿತ್ರಕ್ಕೆ ಅನುಕೂಲ. ಬೆಳಗಾವಿಯಿಂದ ಖಾನಾಪುರದ ಬಸ್ಸು ಹಿಡಿದು ಅಲ್ಲಿ ನಂದಗಡದ ಬಸ್ಸಿಗೆ ಬದಲಿಸಿಕೊಳ್ಳಿ. ಮೊದಲ ಚಿತ್ರ ಸಮಾಧಿಯ ಆಲದ್ದಾಗಲಿ, ಎರಡನೆಯದು ಗಲ್ಲಿನ ಜಾಗದ್ದು, ಮೂರನೆಯದು ದಾರಿಯಲ್ಲಿ ಕಂಡ ಯಾವುದೇ ಹಳ್ಳದ್ದು. ಮುಗಿದ ಚಿತ್ರದ ಒಂದು ಪ್ರತಿಯನ್ನು ನಂದಗಡದ ಶಾಲೆಯ ಮಕ್ಕಳಿಗೆ ಕೊಟ್ಟು, ಅದರಲ್ಲಿ ಏನು ತಪ್ಪಿದೆ ಎಂದು ಅವರನ್ನೇ ಕೇಳಿ.

ಇಂತಿ,
ನಿಮ್ಮ ಚಿತ್ರಗಳ ದಾರಿ ಕಾಯುತ್ತಿರುವ ಓದುಗರ ಪರವಾಗಿ.